ಟವೆಲ್ಲಿನ ಕೆಳಗೆ ಒಂದು ಬೆರಳು

ಮುನಿರಾಜಣ್ಣನಿಗೆ ಹೊಡೆಯುವಾಗ ಅವನ ಕೈಯಲ್ಲಿ ಮದ್ದಿನ ಪೆನ್ನಿನ ಖಾಲಿ ಕೊಳವೆ ಇನ್ನೂ ಇತ್ತು. ಮೊದಲ ಏಟಿಗೆ ಕನ್ನಡಕ ಹೋಯಿತು. ಎರಡನೆಯದಕ್ಕೆ ತುಟಿ ಒಡೆಯಿತು. ಆಮೇಲೆ ಯಾರ ಏಟಿಗೋ ಗೊತ್ತಿಲ್ಲ, ಒಂದು ಹಲ್ಲು ಹಾರಿ ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಬಿತ್ತು. ನಾನು ಕಾಲು ಎತ್ತಿಕೊಂಡೆ. ಕೊಳವೆಯನ್ನು ಮಾತ್ರ ಆ ಪುಣ್ಯಾತ್ಮ ಬಿಡಲೇ ಇಲ್ಲ.

ಬಾಬಾಜಾನ್ ಚಾಚಾ ಅವನ ಎದೆಯ ಮೇಲೆ ಕೂತಿದ್ದರು. ಇಷ್ಟೆಲ್ಲ ಗುದ್ದಾಟದಲ್ಲೂ ಅವರ ಹೆಗಲ ಮೇಲಿನ ಕೆಂಪು ಟವೆಲ್ಲು ಜಾರಿರಲಿಲ್ಲ.

"ಮೊದಲ್ನೇ ರೇಟಿಗೇ ಒಪ್ಪಿಗೆ ಒತ್ತಿದ್ಯೇನೋ? ಹೇಳೋ!"

"ನಮ್ಮವ್ವನ ನಾಲ್ಗೆ ಬಾಯೊಳಗೆ ಹಿಡೀತಿರ್ಲಿಲ್ಲ ಕಣಣ್ಣೋ! ನೋಡ್ಕೊಂಡ್ ಕೂತಿರಕ್ ಆಗ್ತದಾ?"

"ನಿಮ್ಮವ್ವ ಒಬ್ಳೇ ಏನೋ ಈ ಬೀದೀಲಿ ಉಸಿರಾಡೋದು? ನೀನೊಬ್ಬ ಒಪ್ದೆ ಅಂದ್ರೆ ನಾಳೆ ಎಲ್ರಿಗೂ ರೇಟು ಏರ್ತದೆ!"

ಮತ್ತೆ ಏಟು. ಹೆಂಗಸರೂ ಸೇರಿಕೊಂಡರು. ಒಬ್ಬರು ಚಪ್ಪಲಿ ತಂದರು, ಇನ್ನೊಬ್ಬರು ನೂಲು ತೆಗೆಯುವ ಬಾಣಲೆಯ ಸೌಟು ತಂದರು. ನನಗೋ ಹೆದರಿಕೆ. ಜತೆಗೆ, ಸುಳ್ಳು ಯಾಕೆ ಹೇಳಲಿ, ಒಂಥರಾ ಜಂಬ. ಯಾಕೆಂದರೆ ಇಡೀ ಪ್ಲಾನು ನನ್ನದೇ ಆಗಿತ್ತು.

ಇರಿ, ಸರಿಯಾಗಿ ಹೇಳುತ್ತೇನೆ.

ನಮ್ಮದು ಶಿಡ್ಲಘಟ್ಟ. ರೇಷ್ಮೆ ಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವ ಊರು. ನಮ್ಮ ಬೀದಿಯಲ್ಲಿ ಮನೆಗೊಂದು ಬಾಣಲೆ, ಮನೆಗೊಂದು ತಗಡಿನ ಶೆಡ್ಡು. ಎರಡು ವರ್ಷದ ಹಿಂದೆ ವಜ್ರಸೂತ್ರ ಅನ್ನುವ ಕಂಪನಿ ಒಂದು ಹೊಸ ಹುಳ ತಂದಿತು. ಜೇಡನ ಗುಣವನ್ನು ರೇಷ್ಮೆ ಹುಳದೊಳಗೆ ಸೇರಿಸಿದ್ದರಂತೆ. ಅದರ ಎಳೆಯನ್ನು ಜಗ್ಗಿದರೆ ಬೆರಳು ತುಂಡಾಗುತ್ತದೆ, ಎಳೆ ತುಂಡಾಗುವುದಿಲ್ಲ. ಗುಂಡು ತಡೆಯುವ ಜಾಕೆಟ್ಟಿನಿಂದ ಹಿಡಿದು ತೂಗುಸೇತುವೆಯ ಹಗ್ಗದವರೆಗೆ ಎಲ್ಲದಕ್ಕೂ ಅದೇ. ನಾವು ಅದಕ್ಕೆ ಗಟ್ಟಿಹುಳ ಅಂತ ಹೆಸರಿಟ್ಟೆವು. ಮಾಮೂಲಿ ಬಿಳಿ ಗೂಡಿಗಿಂತ ಮೂರು ಪಟ್ಟು ಕೂಲಿ. ಬೀದಿಗೆ ಬೀದಿಯೇ ಗಟ್ಟಿಹುಳಕ್ಕೆ ತಿರುಗಿತು.

ತೊಂದರೆ ಇದ್ದಿದ್ದು ಹಬೆಯಲ್ಲಿ. ಬೇಯುವಾಗ ಏಳುವ ಹಬೆ ಹತ್ತರಲ್ಲಿ ಒಬ್ಬರಿಗೆ ಆಗುವುದಿಲ್ಲ. ಮೊದಲು ಅಂಗೈ ಕೆರೆತ, ಆಮೇಲೆ ತುಟಿ ಊತ, ಆಮೇಲೆ ಗಂಟಲು ಮುಚ್ಚಿಹೋಗುತ್ತದೆ. ಆಸ್ಪತ್ರೆಯಲ್ಲಿದ್ದ ಹಳೆಯ ಅಗ್ಗದ ಇಂಜೆಕ್ಷನ್ನು ಈ ಹುಳದ ಮುಂದೆ ಸೋತಿತು. ನಾಟುತ್ತಿದ್ದದ್ದು ಒಂದೇ ಮದ್ದು, ಅದು ಒಂದು ಪೆನ್ನಿನೊಳಗಿತ್ತು. ತೊಡೆಗೆ ಒತ್ತಿದರೆ ಸೂಜಿ ಹೊರಬಂದು ತಾನೇ ಚುಚ್ಚುತ್ತದೆ. ಪೆನ್ನು ಮಾಡುತ್ತಿದ್ದವರು ಯಾರು? ವಜ್ರಸೂತ್ರದವರೇ!

ಪೆನ್ನುಗಳು ನೀರಿನ ಟ್ಯಾಂಕಿನ ಮೇಲೆ ಒಂದು ನೀಲಿ ಪೆಟ್ಟಿಗೆಯಲ್ಲಿದ್ದವು. ನಮ್ಮೆಲ್ಲರ ಮಣಿಕಟ್ಟಿಗೆ ಕಂಪನಿಯ ಬಿಟ್ಟಿ ಪಟ್ಟಿ. ಯಾರ ನಾಡಿ ಕೆಟ್ಟರೂ ಅವರ ಮನೆಯ ಫೋನಿಗೆ ಒಂದು ಬೆಲೆ ಬರುತ್ತಿತ್ತು. ಕೆಳಗೆ ಎರಡು ಗುಂಡಿ: ಒಪ್ಪಿಗೆ, ಬೇಡ. ಒಪ್ಪಿಗೆ ಒತ್ತಿದರೆ ಪೆಟ್ಟಿಗೆಯಿಂದ ಒಂದು ಪುಟ್ಟ ಡ್ರೋನ್ ಹೊರಟು ಪೆನ್ನನ್ನು ಬಾಗಿಲಿಗೆ ಬೀಳಿಸುತ್ತಿತ್ತು. ನನ್ನ ಅಕ್ಕ ತಸ್ಲೀಮಳ ಗಂಟಲು ಮೊದಲ ಸಲ ಕಟ್ಟಿದಾಗ ಬಂದ ಬೆಲೆ ನಮ್ಮ ಮನೆಯ ಒಂದು ತಿಂಗಳ ಸಂಪಾದನೆ. ಅಮ್ಮಿ ಯೋಚಿಸದೆ ಒಪ್ಪಿಗೆ ಒತ್ತಿದಳು. ಎರಡನೇ ಸಲ ಒಂದೂವರೆ ತಿಂಗಳದ್ದು. ಅಕ್ಕನ ಮದುವೆಗೆ ಇಟ್ಟಿದ್ದ ಚಿನ್ನ ಅಕ್ಕನ ತೊಡೆಯೊಳಗೇ ಹೋಯಿತು.

"ಕೆಲಸ ಬಿಡು" ಅಂತ ಅಕ್ಕನಿಗೆ ಎಲ್ಲರೂ ಹೇಳಿದರು. ಬಿಟ್ಟು ಎಲ್ಲಿಗೆ ಹೋಗುವುದು? ಹಬೆ ಬೀದಿ ತುಂಬಾ ಇತ್ತು.

ನಾನು ಓದುತ್ತಿರುವುದು ಸಂಖ್ಯಾಶಾಸ್ತ್ರ. ಒಮ್ಮೆ ಕಾಲೇಜಿನವರು ನಮ್ಮನ್ನು ದೇವನಹಳ್ಳಿಯಲ್ಲಿರುವ ವಜ್ರಸೂತ್ರದ ಕಂಟ್ರೋಲ್ ರೂಮಿಗೆ ಕರೆದುಕೊಂಡು ಹೋದರು. ನನ್ನ ಬೆಂಚಿನ ಸುಪ್ರೀತಾ ಅಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಕೂರುತ್ತಿದ್ದಳು. ಗೋಡೆಯಷ್ಟು ದೊಡ್ಡ ನಕ್ಷೆ, ಊರಿಗೊಂದು ದೀಪ, ದೀಪದ ಪಕ್ಕ ಒಂದು ನಂಬರು. ಎಸಿ ಎಷ್ಟಿತ್ತೆಂದರೆ ಹಲ್ಲು ಕಟಕಟ ಅನ್ನುತ್ತಿದ್ದವು.

"ಇದೇನೇ ನಂಬರು?" ಅಂದೆ.

"ಒಪ್ಪೋ ಬೆಲೆ ಕಣೇ. ಆ ಊರಿನವರು ಎಷ್ಟಕ್ಕೆ ಸೋಲ್ತಾರೆ ಅಂತ."

"ಯಾರು ಹಾಕೋದು ಅದನ್ನ?"

"ಯಾರೂ ಇಲ್ಲ. ಮಷೀನು ತಾನೇ ಕಲಿಯುತ್ತೆ. ಒಪ್ಪಿಗೆ ಒತ್ತಿದ್ರೆ ಮುಂದಿನ್ಸಲ ಏರಿಸುತ್ತೆ. ಬೇಡ ಒತ್ತಿದ್ರೆ ಇಳಿಸಿ ಇನ್ನೊಂದ್ಸಲ ಕೇಳುತ್ತೆ. ನಿಮ್ಮೂರು ನೋಡು, ಎಷ್ಟು ಮೇಲಿದೆ! ನೀವು ಯಾರೂ ಬೇಡ ಅಂತ ಒತ್ತೇ ಇಲ್ಲ."

ನಾನು ಅಲ್ಲೇ ಕೇಕೆ ಹಾಕಿ ನಕ್ಕುಬಿಟ್ಟೆ. ಲೆಕ್ಚರರು ಗದರಿದರು. ಆದರೂ ನಗು ನಿಲ್ಲಲಿಲ್ಲ. ಅಯ್ಯೋ, ಇದು ನಮ್ಮ ಗೂಡಿನ ಮಾರ್ಕೆಟ್ಟು!

ಮಾರ್ಕೆಟ್ಟಿನಲ್ಲಿ ಹರಾಜು ಎಂದೋ ಕಂಪ್ಯೂಟರಿಗೆ ಹೋಗಿದೆ. ಆದರೆ ಗೂಡು ಕೊಳ್ಳುವ ರೀಲರುಗಳ ಟವೆಲ್ಲು ಎಲ್ಲಿಗೂ ಹೋಗಿಲ್ಲ. ಬೆಳಿಗ್ಗೆ ಟೀ ಅಂಗಡಿಯ ಮುಂದೆ ಕೈ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಅಮುಕಿ, ಇವತ್ತು ಇಷ್ಟಕ್ಕಿಂತ ಮೇಲೆ ಯಾರೂ ಕೂಗಬಾರದು ಅಂತ ತೀರ್ಮಾನ ಮಾಡಿಕೊಳ್ಳುತ್ತಾರೆ. ಬಾಯಿ ಬಿಡುವುದೇ ಇಲ್ಲ. ಆಮೇಲೆ ಸುಮ್ಮನೆ ಕಾಯುತ್ತಾರೆ. ಗೂಡು ತಂದವನು ಕಾಯಲಾರ, ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡುತ್ತದೆ. ಬಿಸಿಲೇರಿದ ಹಾಗೆ ಅವನು ಇಳಿಯುತ್ತಾನೆ. ಈ ಟವೆಲ್ಲಿನ ದೊರೆ ಬಾಬಾಜಾನ್ ಚಾಚಾ. ಅವರ ಬೆರಳು ಏನು ಹೇಳಿತೋ ಅದೇ ಊರಿನ ರೇಟು.

ಬಸ್ಸಿಳಿದವಳೇ ಚಾಚಾ ಮನೆಗೆ ಓಡಿದೆ. ಅವರ ಹೆಂಡತಿ ನೂರುನ್ನೀಸಾ ಚಾಚಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೂ ಹಬೆ ಆಗುತ್ತಿರಲಿಲ್ಲ.

"ಚಾಚಾ, ಮಷೀನಿಗೆ ಟವೆಲ್ ಹಾಕೋಣ! ಯಾರೂ ಮೊದಲ್ನೇ ರೇಟಿಗೆ ಒಪ್ಪಬಾರ್ದು. ಎರಡನೇದಕ್ಕೂ ಬೇಡ. ಮೂರನೇ ಸಲಕ್ಕೆ ಒಪ್ಪೋಣ. ಊರೇ ಹಂಗೆ ಮಾಡಿದ್ರೆ ಅದು ಬಗ್ಗಲೇಬೇಕು!"

ಚಾಚಾ ನನ್ನ ಮುಖ ನೋಡಿದರು. ಆಮೇಲೆ ನಿಧಾನಕ್ಕೆ ನಕ್ಕರು. "ನೋಡೇ ಇವಳನ್ನ! ಈ ಸಬೀಹಾನ ಗಂಡುಮಗ ಮಾಡಿದ್ದಿದ್ರೆ ಅಲ್ಲಾ, ಮಾರ್ಕೆಟ್ಟನ್ನೇ ಬರ್ಕೊಡ್ತಿದ್ದೆ."

"ಗಂಡುಮಗ ಆಗಿದ್ರೆ ನಿಮ್ ಹಂಗೆ ಟೀ ಅಂಗ್ಡೀಲಿ ಬಿದ್ದಿರ್ತಿದ್ಲು" ಅಂದಳು ಚಾಚಿ. "ಅದಿರ್ಲಿ ಬೇಟಾ, ಬೇಡ ಬೇಡ ಅನ್ನೋ ಹೊತ್ಗೆ ಉಸಿರು ನಿಂತೋದ್ರೆ?"

"ನಿಲ್ಲಲ್ಲ ಚಾಚಿ. ಸತ್ತವರು ದುಡ್ಡು ಕೊಡ್ತಾರಾ? ಮಷೀನಿಗೆ ಅದು ಗೊತ್ತು."

ಆ ಮಾತು ನನಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಮನೆಗೆ ಹೋಗುವವರೆಗೂ ಹೇಳಿಕೊಂಡು ಹೋದೆ.

ಮೊದಲ ಸರದಿ ನಮ್ಮ ಮನೆಗೇ ಬಂತು. ಅಕ್ಕ ಬಾಣಲೆಯ ಮುಂದಿನಿಂದ ಎದ್ದು ಬಂದು ಗೋಡೆ ಹಿಡಿದಳು. ತುಟಿ ಆಗಲೇ ಬದನೆಕಾಯಿ ಬಣ್ಣ. ನನ್ನ ಫೋನು ಕಿರುಚಿತು. ಬೆಲೆ ನೋಡಿ ಬೇಡ ಒತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ತಿರುಗಿತು. ಅಕ್ಕ ನೆಲಕ್ಕೆ ಬಿದ್ದು ಹಿಮ್ಮಡಿಯಿಂದ ನೆಲ ಒದೆಯತೊಡಗಿದಳು. ಎರಡನೇ ಬೆಲೆ ಬಂತು, ಇಳಿದಿತ್ತು! ಬೇಡ. ಅಮ್ಮಿ ಫೋನಿಗೆ ಕೈ ಹಾಕಿದಳು, ನಾನು ಅವಳನ್ನು ಮೊಣಕೈಯಿಂದ ತಳ್ಳಿದೆ. ಅವಳು ನನ್ನ ಕೂದಲು ಹಿಡಿದು ತಲೆಯನ್ನು ಬಾಗಿಲಿಗೆ ಬಡಿದಳು. ನಾನು ಫೋನು ಬಿಡಲಿಲ್ಲ. ಅಕ್ಕನ ಗಂಟಲಿನಿಂದ ಒಣ ಬೋರ್‌ವೆಲ್ಲಿನಂಥ ಸದ್ದು. ಮೂರನೇ ಬೆಲೆ, ಅರ್ಧಕ್ಕಿಂತ ಕೆಳಗೆ! ಒಪ್ಪಿಗೆ.

ಪೆನ್ನು ಬಂತು, ಅಮ್ಮಿ ಚುಚ್ಚಿದಳು, ಅಕ್ಕ ಉಸಿರೆಳೆದಳು. ನಾನು ಹಣೆಯ ರಕ್ತ ಒರೆಸಿಕೊಂಡು ಕುಣಿದೆ.

"ಅರ್ಧ ರೇಟಿಗೆ ಅಮ್ಮಿ! ಅರ್ಧ!"

ಅಮ್ಮಿ ಕೆನ್ನೆಗೆ ಬಾರಿಸಿದಳು. "ಗೂಡು ಮಾರೋನು ಯಾರು, ಕೊಳ್ಳೋನು ಯಾರು ಅಂತ ತಿಳೀದೆ ಹೋಯ್ತಾ ನಿಂಗೆ? ತೂತು ಬೀಳೋ ಗೂಡು ಮಷೀನಿನ ಹತ್ರ ಇಲ್ವೇ, ನನ್ ತೊಡೆ ಮೇಲೆ ಬಿದ್ದದೆ!"

ನನಗೆ ಕೇಳಿಸಲಿಲ್ಲ. ಆಗಲೇ ಚಾಚಾಗೆ ಮೆಸೇಜು ಹಾಕುತ್ತಿದ್ದೆ.

ಒಂದು ತಿಂಗಳಲ್ಲಿ ಬೆಲೆ ಬಿದ್ದು ಬಿದ್ದು, ಒಂದು ಸೀರೆಯ ಬೆಲೆಗೆ ಬಂತು. ಬೀದಿಯವರು ನನಗೆ ಬಿರಿಯಾನಿ ಕಳಿಸಿದರು. ಈ ನಡುವೆ ಹಮಾಲಿ ಕಾಲೊನಿಯಲ್ಲಿ ಒಬ್ಬ ಮುದುಕ ಎರಡನೇ ಬೇಡಕ್ಕೂ ಮೂರನೆಯದಕ್ಕೂ ನಡುವೆ ಸತ್ತ. ವಯಸ್ಸಾಗಿತ್ತು ಅಂದೆವು. ಮೊದಲೇ ಒಪ್ಪಿದವರಿಗೆ ಬುದ್ಧಿ ಕಲಿಸುವ ಕೆಲಸವನ್ನು ಚಾಚಾ ವಹಿಸಿಕೊಂಡರು. ಒಬ್ಬನ ಬಾಣಲೆ ಒಡೆದರು. ಒಬ್ಬನ ಕೈಯನ್ನು ಕುದಿನೀರಿನ ಹತ್ತಿರ ಹಿಡಿದರು, ಮುಳುಗಿಸಲಿಲ್ಲ, ಹಬೆ ತಾಗುವಷ್ಟು. ಕೊನೆಗೆ ನಾನು ಮೊದಲು ಹೇಳಿದ್ದು, ಟೈಲರ್ ಮುನಿರಾಜಣ್ಣನ ಹಲ್ಲು.

ಹಲ್ಲು ಬಿದ್ದ ಮಾರನೇ ದಿನ ಮಧ್ಯಾಹ್ನ ಸುಪ್ರೀತಾ ಫೋನು ಮಾಡಿದಳು. ಕಂಟ್ರೋಲ್ ರೂಮಿನ ಟಾಯ್ಲೆಟ್ಟಿನಿಂದ, ಪಿಸುಮಾತಿನಲ್ಲಿ.

"ಏನೇ ಮಾಡಿದ್ರಿ ನೀವೆಲ್ಲ? ನಿಮ್ಮೂರಿನ ದೀಪ ಆರ್ತಾ ಇದೆ."

"ಬೆಲೆ ಇಳಿಸಿದ್ವಿ ಕಣೇ!" ನಾನು ಇನ್ನೂ ನಗುತ್ತಲೇ ಇದ್ದೆ.

"ಮಷೀನು ಅದನ್ನ ಹಂಗೆ ಓದಿಲ್ಲ. ನಿಮ್ಮೂರಿಗೆ ಪೆನ್ನು ಬೇಡ ಅಂತ ಓದಿದೆ. ಮೂರು ವಾರದಿಂದ ಸ್ಟಾಕು ಕಮ್ಮಿ ಮಾಡ್ತಾ ಬಂದಿದೆ. ನಾಳೆ ದೊಡ್ಡ ಡ್ರೋನು ಬಂದು ಪೆಟ್ಟಿಗೆಯನ್ನೇ ಎತ್ಕೊಂಡು ಹೋಗುತ್ತೆ. ಜಾಸ್ತಿ ಕೊಡೋ ಊರಿಗೆ."

"ನೀನು ನಿಲ್ಸೇ!"

"ನಾನಾ? ಯಾವ ಗುಂಡಿ ಒತ್ಲಿ? ಇಲ್ಲಿ ನೋಡೋಕೆ ಮಾತ್ರ ಸಂಬಳ ಕೊಡ್ತಾರೆ ಕಣೇ."

ನಗು ನಿಂತಿತು.

ಓಡಿಹೋಗಿ ಚಾಚಾಗೆ ಹೇಳಿದೆ. ಅವರು ಟವೆಲ್ಲಿನ ಅಂಚು ತಿರುವಿದರು. ಹರೆಯದಲ್ಲಿ ಅವರು ಬೇರೆಯವರ ಗಾಳಿಪಟದ ದಾರ ಕತ್ತರಿಸುವುದರಲ್ಲಿ ಊರಿಗೇ ಹೆಸರು. ಆಕಾಶ ನೋಡಿ, ಟ್ಯಾಂಕು ನೋಡಿ, ಎದುರಿನ ಮಿಲ್ಲಿನ ಚಿಮಣಿ ನೋಡಿದರು.

"ಗಟ್ಟಿಹುಳದ ನೂಲು ಎಷ್ಟಿದೆ ಬೀದೀಲಿ?"

"ಎಲ್ಲಾ ಮಾರ್ಬಿಟ್ಟಿದೀವಿ ಚಾಚಾ."

"ಹಂಗಾದ್ರೆ ಬೆಳಕು ಹರೀತಿದ್ದಂಗೆ ಎಲ್ಲಾ ಬಾಣಲೆ ಹಚ್ಚಿ."

ಹಚ್ಚಿದೆವು. ಎಲ್ಲ ಮನೆಗಳೂ ಒಟ್ಟಿಗೆ ಬೇಯಿಸಿದ್ದು ಅದೇ ಮೊದಲು. ಗಂಡಸರು ನೂಲನ್ನು ಟ್ಯಾಂಕಿನಿಂದ ಚಿಮಣಿಗೆ, ಚಿಮಣಿಯಿಂದ ಮೊಬೈಲ್ ಟವರಿಗೆ ಬಲೆಯ ಹಾಗೆ ಅಡ್ಡಡ್ಡ ಬಿಗಿದರು. ಕೆಳಗಿನಿಂದ ನೋಡಿದರೆ ಒಂದು ಎಳೆಯೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹಬೆ ಮಾತ್ರ. ಶೆಡ್ಡಿನಿಂದ ಹೊರಬಂದು, ಚರಂಡಿಯ ಮೇಲೆ ಹರಡಿ, ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬಾಯಿಗೆ ಏರಿತು. ಅಕ್ಕನನ್ನು ಒಳಗೆ ಕೂರಿಸಿ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೆವು. ಯಾರಿಗೆ ಹೊಳೆಯಬೇಕಿತ್ತೋ ಅವರಿಗೇ ಹೊಳೆಯಲಿಲ್ಲ. ಪೆಟ್ಟಿಗೆ ಉಳಿಸಿಕೊಳ್ಳುವ ಆತುರದಲ್ಲಿ, ಪೆಟ್ಟಿಗೆ ಯಾತಕ್ಕೆ ಬೇಕಾಗಿತ್ತೋ ಅದನ್ನೇ ಬೀದಿ ತುಂಬ ಬೇಯಿಸುತ್ತಿದ್ದೆವು.

ಡ್ರೋನ್ ಬಂದಾಗ ಅರ್ಧ ಬೀದಿ ಕೆಮ್ಮುತ್ತಿತ್ತು. ಎಮ್ಮೆಯಷ್ಟು ದೊಡ್ಡದು. ಟ್ಯಾಂಕಿನ ಮೇಲಿಳಿದು ಪೆಟ್ಟಿಗೆಯನ್ನು ಕಚ್ಚಿಕೊಂಡು ಮೇಲೆದ್ದಿತು. ಎದ್ದಿದ್ದೇ ರೆಕ್ಕೆ ನೂಲಿಗೆ ಸಿಕ್ಕಿತು. ಕಿರ್ರ್ ಅಂತ ಒಂದು ಸದ್ದು. ಒಂದು ರೆಕ್ಕೆ ತುಂಡಾಗಿ ಹಾರಿ ಮಿಲ್ಲಿನ ಕಾವಲುಗಾರನ ಭುಜವನ್ನು ಸೀಳಿಕೊಂಡು ಹೋಯಿತು. ಉಳಿದದ್ದೆಲ್ಲ ಮುನಿರಾಜಣ್ಣನ ಟೈಲರ್ ಅಂಗಡಿಯ ತಗಡಿನ ಮೇಲೆ ಬಿದ್ದು, ತಗಡಿನ ಸಮೇತ ಕೆಳಗೆ ಬಂತು.

ಪೆಟ್ಟಿಗೆ ಒಡೆಯಿತು. ಬೀಗ ಇದ್ದದ್ದು ಪೆಟ್ಟಿಗೆಗೇ ಹೊರತು ಪೆನ್ನಿಗಲ್ಲ. ಎಲ್ಲರೂ ಮುಗಿಬಿದ್ದರು. ಒಳಗೆ ನೂರು ಪೆನ್ನು ಇರುತ್ತವೆ ಅಂದುಕೊಂಡಿದ್ದೆವು. ಇದ್ದದ್ದು ಆರು.

ಆ ಹೊತ್ತಿಗೆ ಸರಿಯಾಗಿ ಅಮ್ಮಿ ಹೊಸ್ತಿಲಲ್ಲಿ ನಿಂತು ಕೂಗಿದಳು, "ಸಬೀಹಾ! ತಸ್ಲೀಮ!" ಅಷ್ಟೇ. ಅಷ್ಟು ಸಾಕಿತ್ತು.

ನಾನು ಆ ಗುಂಪಿನೊಳಗೆ ಹೇಗೆ ನುಗ್ಗಿದೆನೋ ಗೊತ್ತಿಲ್ಲ. ಯಾರದೋ ಕಿವಿಯೋಲೆ ನನ್ನ ಬೆರಳಿಗೆ ಸಿಕ್ಕಿ ಕಿವಿ ಹರಿಯಿತು. ಬಿರಿಯಾನಿ ಕಳಿಸಿದ್ದ ಹೆಂಗಸೇ ನನ್ನ ಹೊಟ್ಟೆಗೆ ಒದ್ದಳು. ಒಬ್ಬ ಪೆನ್ನು ಹಿಡಿದು ಓಡುತ್ತಿದ್ದ, ಇನ್ನೊಬ್ಬ ಅವನ ಬೆನ್ನಿಗೆ ಕತ್ತರಿ ಹಾಕಿದ, ಮುನಿರಾಜಣ್ಣನ ಅಂಗಡಿಯದೇ ದೊಡ್ಡ ಕತ್ತರಿ. ಒಂದು ಪೆನ್ನು ಕಾಲಡಿ ಸಿಕ್ಕಿ ಮದ್ದೆಲ್ಲ ಮಣ್ಣಿಗೆ ಚೆಲ್ಲಿತು. ಆ ಮಣ್ಣನ್ನು ಒಬ್ಬಳು ಬಾಚಿ ಮಗಳ ನಾಲಿಗೆಗೆ ಸವರಿದಳು.

ಬಾಬಾಜಾನ್ ಚಾಚಾ ಎರಡು ಪೆನ್ನು ಹಿಡಿದಿದ್ದರು. ಕಣ್ಣಾರೆ ನೋಡಿದೆ. ಅವರ ಮನೆಯ ಜಗಲಿಯ ಮೇಲೆ ಚಾಚಿ ಒರಗಿದ್ದಳು, ಬಾಯಿ ತೆರೆದು, ಮೀನಿನ ಹಾಗೆ. ಚಾಚಾ ಓಡಿ ಒಂದು ಪೆನ್ನನ್ನು ಅವಳ ತೊಡೆಗೆ ಚುಚ್ಚಿದರು. ಚಾಚಿ ದೊಡ್ಡದಾಗಿ ಉಸಿರೆಳೆದು ಕಣ್ಣು ಬಿಟ್ಟಳು. ಎರಡನೆಯದನ್ನು ಅವರು ಟವೆಲ್ಲಿನ ಕೆಳಗೆ ಮುಚ್ಚಿಕೊಂಡರು.

"ಚಾಚಾ, ಅದು ಕೊಡಿ! ಅಕ್ಕ ಸಾಯ್ತಾ ಇದ್ದಾಳೆ!"

"ತಡಿ ಬೇಟಾ, ತಡಿ. ಕೇಳು—"

ಹಿಂದಿನಿಂದ ಮುನಿರಾಜಣ್ಣ ಬಂದು ಅವರನ್ನು ಕೆಡವಿದ. ಮೊನ್ನೆ ಅವರು ಕೂತಿದ್ದ ಹಾಗೆಯೇ ಅವರ ಎದೆಯ ಮೇಲೆ ಕೂತ. "ಏನಣ್ಣ, ರೇಟು ಮಾತಾಡ್ತಿದ್ದೀಯಾ? ಮಾತಾಡು, ಮಾತಾಡು!" ಅಂತ ಹಲ್ಲು ಹೋದ ಬಾಯಲ್ಲಿ ನಗುತ್ತಾ ಗುದ್ದಿದ.

ನಾನು ಟವೆಲ್ಲಿನ ಕೆಳಗೆ ಕೈ ಹಾಕಿದೆ. ಚಾಚಾ ಪೆನ್ನಿನ ಜತೆ ನನ್ನ ಬೆರಳುಗಳನ್ನೂ ಸೇರಿಸಿ ಹಿಡಿದರು, ಬಿಗಿಯಾಗಿ, ಮಾರ್ಕೆಟ್ಟಿನಲ್ಲಿ ಹಿಡಿಯುವ ಹಾಗೆಯೇ. "ಕೇಳು ಸಬೀಹಾ, ಇದು—" ಅಂದರು. ಚೌಕಾಸಿ ಮಾಡುತ್ತಿದ್ದಾರೆ ಅಂದುಕೊಂಡೆ. ಈಗಲೂ, ಇಲ್ಲೂ! ತಲೆಯಲ್ಲಿ ಬೆಂಕಿ ಎದ್ದಿತು. ಅವರ ತೋರುಬೆರಳನ್ನು ಹುಡುಕಿ ಹಿಡಿದು ಹಿಂದಕ್ಕೆ ಬಗ್ಗಿಸಿದೆ. ಊರಿನ ರೇಟು ಹೇಳುವ ಬೆರಳು. ಹಸಿ ಹಿಪ್ಪುನೇರಳೆ ಕಡ್ಡಿಯ ಹಾಗೆ ಬಗ್ಗಿತು, ಬಗ್ಗಿತು, ಆಮೇಲೆ ಮುರಿಯಿತು. ಸದ್ದು ಟವೆಲ್ಲಿನ ಕೆಳಗೇ ಉಳಿಯಿತು.

ಪೆನ್ನು ತೆಗೆದುಕೊಂಡು ಓಡಿದೆ.

ಅಕ್ಕನ ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಸಲ್ವಾರಿನ ಮೇಲೇ ಚುಚ್ಚಿ ಹಿಡಿದುಕೊಂಡೆ. ಅಮ್ಮಿ ಅವಳ ಎದೆಗೆ ಗುದ್ದುತ್ತಿದ್ದಳು, ಬಯ್ಯುತ್ತಿದ್ದಳು, "ಎಳಿಯೇ ಉಸಿರು, ಎಳಿಯೇ ಮುಂಡೇದೇ!" ಅಕ್ಕ ಎಳೆದಳು. ಇನ್ನೊಂದು. ಇನ್ನೊಂದು. ನಾನು ನೆಲದ ಮೇಲೆ ಕೂತು ಅತ್ತೆನೋ ನಕ್ಕೆನೋ, ಅಮ್ಮಿಗೂ ಗೊತ್ತಾಗಲಿಲ್ಲವಂತೆ.

ಸಂಜೆಯ ಹೊತ್ತಿಗೆ ಪೊಲೀಸರು ಬಂದು ಬಾಣಲೆಗಳನ್ನು ಆರಿಸಿದರು. ಹಬೆ ಕರಗಿತು. ಬೀದಿಯಲ್ಲಿ ಚಪ್ಪಲಿಗಳು, ತಗಡು, ರಕ್ತ. ಆಗ ಚಾಚಾ ಮನೆಯಿಂದ ಕೂಗು ಕೇಳಿತು.

ಓಡಿದೆ. ಚಾಚಿ ಮತ್ತೆ ಬಾಯಿ ತೆರೆದಿದ್ದಳು. ಹಬೆ ಇಲ್ಲ, ಏನೂ ಇಲ್ಲ, ಆದರೂ ಗಂಟಲು ಇನ್ನೊಮ್ಮೆ ಕಟ್ಟಿತ್ತು. ಈ ಹುಳದ ವಿಷ ಕೆಲವರಲ್ಲಿ ಹಾಗೆ ಮಾಡುತ್ತದೆ, ಒಮ್ಮೆ ಹೋಗಿ ಕೆಲವು ಗಂಟೆ ಬಿಟ್ಟು ತಿರುಗಿ ಬರುತ್ತದೆ. ಕಂಪನಿಯ ಆ್ಯಪಿನಲ್ಲಿ ಎಲ್ಲಕ್ಕಿಂತ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಚಾಚಿಗೆ ಹಿಂದಿನ ಎರಡು ಸಲವೂ ಹಾಗೇ ಆಗಿತ್ತಂತೆ. ಎರಡು ಸಲವೂ ಎರಡೆರಡು ಪೆನ್ನು ಬೇಕಾಗಿತ್ತಂತೆ. ಚಾಚಾ ಯಾರಿಗೂ ಹೇಳಿರಲಿಲ್ಲ. ಟವೆಲ್ಲಿನ ಮನುಷ್ಯ ತನ್ನ ಕೊರತೆಯನ್ನು ಬೀದಿಗೆ ಹೇಳುತ್ತಾನೆಯೇ?

ಜನ ಮನೆಮನೆಗೆ ಓಡಿದರು. ಪೆನ್ನು ಎಲ್ಲಿಂದ ಬರಬೇಕು? ಟ್ಯಾಂಕಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಫೋನಿನಲ್ಲಿ ಬೆಲೆ ಬರಲಿಲ್ಲ. ಒಪ್ಪಿಗೆಯೂ ಇಲ್ಲ, ಬೇಡವೂ ಇಲ್ಲ, ಬರೀ ಖಾಲಿ ಪರದೆ. ಚಾಚಾ ಮಾತ್ರ ಅದನ್ನು ಮುರಿದ ಬೆರಳಿನಿಂದ ಒತ್ತುತ್ತಲೇ ಇದ್ದರು.

ಚಾಚಿಯ ಕಾಲು ಒದೆಯುವುದು ನಿಲ್ಲುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

ಹತ್ತು ಹನ್ನೆರಡು ದಿನದ ಮೇಲೆ ಹೊಸ ಪೆಟ್ಟಿಗೆ ಬಂತು. ಸುತ್ತ ಕಬ್ಬಿಣದ ಪಂಜರ, ಕೆಳಗೆ ಬಂದೂಕಿನವನು. ಸುಪ್ರೀತಾ ಫೋನು ಮಾಡಿ, "ನಿಮ್ಮೂರಿನ ದೀಪ ಈಗ ಎಲ್ಲಕ್ಕಿಂತ ಜೋರಾಗಿ ಉರೀತಿದೆ ಕಣೇ. ಪೆನ್ನಿಗಾಗಿ ನೀವು ಏನು ಬೇಕಾದ್ರೂ ಮಾಡ್ತೀರ ಅಂತ ಮಷೀನು ಕಲಿತುಬಿಡ್ತು" ಅಂದಳು. ಮೊದಲ ಬೆಲೆ ಮೂರು ಪಟ್ಟಾಗಿತ್ತು. ಪೆನ್ನನ್ನು ಮುಂಗಡವಾಗಿ ಕೊಂಡಿಡುವ ಹೊಸ ಗುಂಡಿಯೂ ಬಂದಿತ್ತು.

ಒಬ್ಬೊಬ್ಬರೇ ಕೊಡಲಾಗದು, ಎಲ್ಲರೂ ಸೇರಿ ಹಣ ಹಾಕಿ ಬೀದಿಗೆ ಒಂದಷ್ಟು ಪೆನ್ನು ಮೊದಲೇ ಕೊಂಡಿಡೋಣ ಅಂತ ತೀರ್ಮಾನವಾಯಿತು. ಯಾರ ಮನೆಯಿಂದ ಎಷ್ಟು ಅಂತ ಕೇಳಬೇಕು. ಬೇರೆ ಯಾರಿಗೂ ಆ ಕೆಲಸ ಬರುವುದಿಲ್ಲ. ಚಾಚಾನೇ ಹೊರಟರು. ಟೀ ಅಂಗಡಿಯ ಮುಂದೆ ಎಲ್ಲರೂ ಸಾಲಾಗಿ ನಿಂತಿದ್ದೆವು. ಕೆಂಪು ಟವೆಲ್ಲು ಒಂದೊಂದು ಕೈಯ ಮೇಲೂ ಇಳಿಯಿತು, ಎದ್ದಿತು. ಮುನಿರಾಜಣ್ಣನ ಕೈಯ ಮೇಲೂ ಇಳಿಯಿತು.

ನನ್ನ ಹತ್ತಿರ ಬಂದರು. ಪಕ್ಕದಲ್ಲಿ ಅಕ್ಕ ನಿಂತಿದ್ದಳು, ಅವಳ ಉಸಿರು ನನಗೆ ಕೇಳಿಸುತ್ತಿತ್ತು. ಚಾಚಾ ನನ್ನ ಮುಖ ನೋಡಲಿಲ್ಲ. ನನ್ನ ಬಲಗೈಯ ಮೇಲೆ ಟವೆಲ್ ಹಾಸಿ, ಅದರ ಕೆಳಗೆ ತಮ್ಮ ಕೈ ತಂದರು. ಅವರೇ ನನ್ನ ಬೆರಳುಗಳನ್ನು ಬಿಡಿಸಿ, ಪಟ್ಟಿ ಕಟ್ಟಿದ ಆ ತೋರುಬೆರಳನ್ನು ನನ್ನ ಅಂಗೈಯೊಳಗೆ ಇಟ್ಟು ಮುಚ್ಚಿದರು.

ನಾನು ಕಾದೆ. ಅಮುಕುತ್ತಾರೆ, ಇಷ್ಟು ಅನ್ನುತ್ತಾರೆ ಅಂತ. ಎಷ್ಟಾದರೂ ಒಪ್ಪಿಬಿಡೋಣ ಅಂತ.

ಅವರು ಬೆಲೆ ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.